ಎಕ್ಸ್‌ಚೇಂಜಿನ ವರ್ಕ್‌ಸ್ಟೇಷನ್ ಆಫ್ ಮಾಡುವುದು ಹೇಗೆ: ರಿಪೇರಿಗೆ ಮುಂಚಿನ ಪೂರ್ತಿ ಕ್ರಮ

ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್ ರೂಮಿನ ಮೂಲೆಯಲ್ಲಿ, ಮೇಜಿನ ಮೇಲೋ ರ್‍ಯಾಕಿನೊಳಗೋ, ಒಂದು ಕಂಪ್ಯೂಟರ್ ಕೂತಿರುತ್ತದೆ. ಅದನ್ನು ಆಫ್ ಮಾಡಿದರೆ ಯಾರ ಕರೆಯೂ ಕಟ್ ಆಗುವುದಿಲ್ಲ. ಡಯಲ್ ಟೋನ್ ಬರುತ್ತಲೇ ಇರುತ್ತದೆ, ಊರು ಮಾತಾಡುತ್ತಲೇ ಇರುತ್ತದೆ. ನನ್ನ ಪ್ರಕಾರ ಅಪಾಯ ಇರುವುದೇ ಅಲ್ಲಿ. ಕರೆ ಕಟ್ ಆಗಿದ್ದರೆ ಐದು ನಿಮಿಷದಲ್ಲಿ ದೂರು ಬಂದು ನಮ್ಮ ನಿದ್ದೆ ಹಾರುತ್ತಿತ್ತು. ಈ ಯಂತ್ರ ನಿಂತಾಗ ಹೋಗುವುದೆಲ್ಲ ಸದ್ದಿಲ್ಲದೆ ಹೋಗುತ್ತದೆ. ಅಲಾರಂ ಕಾಣಿಸುವುದಿಲ್ಲ, ಬಿಲ್ಲಿಂಗ್ ದಾಖಲೆ ಡಿಸ್ಕಿಗೆ ಇಳಿಯುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಅದೇ ಹೊತ್ತಿಗೆ ಸ್ವಿಚ್ಚಿನ, ಅಂದರೆ ಕರೆಗಳನ್ನು ಜೋಡಿಸುವ ಮುಖ್ಯ ಯಂತ್ರದ, ಯಾವುದಾದರೂ ಮಾಡ್ಯೂಲ್ ಬಿದ್ದರೆ ಅದಕ್ಕೆ ಪ್ರೋಗ್ರಾಂ, ಡೇಟಾ ತುಂಬಿ ಮತ್ತೆ ಎಬ್ಬಿಸಲು ಆಸರೆಯೇ ಇರುವುದಿಲ್ಲ.

ಈ ಯಂತ್ರಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ, ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಪೋರ್ಟಿನ ರ್‍ಯಾಕ್ಸ್ ಚಿಕ್ಕ ಎಕ್ಸ್‌ಚೇಂಜು, ಅದಕ್ಕೆ ಇಂಥ ಠಾಕುಠೀಕು ಬೇಕಿರಲಿಲ್ಲ. ಅದರ ದೊಡ್ಡಣ್ಣ ಮ್ಯಾಕ್ಸ್ ಬಂದಾಗ ಐಓಪಿ (ಇನ್‌ಪುಟ್ ಔಟ್‌ಪುಟ್ ಪ್ರೊಸೆಸರ್) ಎಂಬ ಜೋಡಿ ಬಂತು. ಎರಡರಲ್ಲಿ ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ. ಫ್ರಾನ್ಸ್ ಮೂಲದ ಇ-10ಬಿ ಎಕ್ಸ್‌ಚೇಂಜಿನಲ್ಲಿ ಇದೇ ಕೆಲಸ ನೋಡಿಕೊಳ್ಳುವ ಜಾಗಕ್ಕೆ ಓಎಂಸಿ (ಆಪರೇಷನ್ ಅಂಡ್ ಮೇಂಟೆನೆನ್ಸ್ ಸೆಂಟರ್) ಅನ್ನುತ್ತಿದ್ದೆವು. ಹೆಸರು ಏನೇ ಇದ್ದರೂ ಒಳಗೆ ಓಡುವ ಆಪರೇಟಿಂಗ್ ಸಿಸ್ಟಮ್ ಹೆಚ್ಚಾಗಿ ಯುನಿಕ್ಸ್. ಇಲ್ಲಿ ನಾನು ಉದಾಹರಣೆಗೆ ತೆಗೆದುಕೊಂಡಿರುವುದು ಸನ್ ಕಂಪನಿಯ ವರ್ಕ್‌ಸ್ಟೇಷನ್, ಅದರಲ್ಲಿ ಓಡುವುದು ಆ ಕಂಪನಿಯದೇ ಯುನಿಕ್ಸ್ ಆದ ಸೋಲಾರಿಸ್. ನಾನು ಹೆಚ್ಚು ಕೈಯಾಡಿಸಿದ್ದು ಅದರ ಮೇಲೆ, ಜೊತೆಗೆ ಹೊಸಬರು ಎಡವುವ ಗುಂಡಿಗಳೂ ಅದರಲ್ಲೇ ಜಾಸ್ತಿ.

ಕಮಾಂಡುಗಳನ್ನು ದೂರದ ಎಕ್ಸ್‌ಚೇಂಜಿನ ಹುಡುಗನಿಗೆ ಫೋನಿನಲ್ಲಿ ಹೇಳಿಕೊಡುವ ರೀತಿಯಲ್ಲೇ ಬರೆದಿದ್ದೇನೆ. ಮೈನಸ್ ಅಂದರೆ ಅಡ್ಡಗೆರೆ, ಅದಕ್ಕೆ ಮೊದಲು ಒಂದು ಸ್ಪೇಸ್. ನಿಮ್ಮ ಸ್ವಿಚ್ಚಿನ ಕಂಪನಿ ಕೊಟ್ಟ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ, ನನ್ನನ್ನಲ್ಲ.

ಹಂತ 1: ಬೆನ್ನ ಹಿಂದೆ ಹೋಗಿ ನೋಡಿ

ಕೀಬೋರ್ಡ್ ಮುಟ್ಟುವ ಮೊದಲು ಟಾರ್ಚ್ ಹಿಡಿದು ಯಂತ್ರದ ಹಿಂದೆ ಹೋಗಿ. ಎಷ್ಟು ಕೇಬಲ್ ಇವೆ, ಎಣಿಸಿ. ಸ್ವಿಚ್ಚಿಗೆ ಹೋಗುವ ಸೀರಿಯಲ್ ಲಿಂಕ್, ಲ್ಯಾನ್, ಮೋಡೆಮ್, ಪ್ರಿಂಟರ್, ಅಲಾರಂ ಪ್ಯಾನೆಲ್, ಟೇಪ್ ಡ್ರೈವ್, ಎರಡು ಪವರ್ ಕಾರ್ಡ್. ಪ್ರತಿಯೊಂದನ್ನೂ ಬೆರಳಿಟ್ಟು ಇನ್ನೊಂದು ತುದಿಯವರೆಗೆ ಹಿಂಬಾಲಿಸಿ, ಎಲ್ಲಿಗೆ ಹೋಗುತ್ತದೆ ಅಂತ ಹಾಳೆಯ ಮೇಲೆ ಬರೆಯಿರಿ. ಯಾರಿಗೂ ಗೊತ್ತಿಲ್ಲದ ಒಂದು ಕೇಬಲ್ ಸಿಕ್ಕೇ ಸಿಗುತ್ತದೆ. ಅದು ಏನೆಂದು ತಿಳಿಯುವವರೆಗೂ ಕೆಲಸ ಮುಂದೆ ಹೋಗಬಾರದು.

ಆಮೇಲೆ ಸ್ಕ್ರೀನಿನ ಮುಂದೆ ಕೂತು ಒಳಗಿನ ಲೆಕ್ಕ ತೆಗೆಯಿರಿ. ಯಾರು ಯಾರು ಲಾಗಿನ್ ಆಗಿದ್ದಾರೆ ಅನ್ನುವುದಕ್ಕೆ ‘ಹೂ’, ಏನೇನು ಓಡುತ್ತಿದೆ ಅನ್ನುವುದಕ್ಕೆ ‘ಪಿಎಸ್ ಮೈನಸ್ ಇಎಫ್’, ಡಿಸ್ಕ್ ಎಷ್ಟು ತುಂಬಿದೆ ಅನ್ನುವುದಕ್ಕೆ ‘ಡಿಎಫ್ ಮೈನಸ್ ಕೆ’. ‘ಕ್ರಾನ್‌ಟ್ಯಾಬ್ ಮೈನಸ್ ಎಲ್’ ಕೊಟ್ಟರೆ ಯಾವ ಹೊತ್ತಿಗೆ ಯಾವ ಕೆಲಸ ತಾನಾಗಿ ಏಳುತ್ತದೆ ಅಂತ ಗೊತ್ತಾಗುತ್ತದೆ. ಎಲ್ಲ ಅಧಿಕಾರ ಇರುವ ಬಳಕೆದಾರ ರೂಟ್‌ದು ಮಾತ್ರ ಅಲ್ಲ, ಬಿಲ್ಲಿಂಗ್ ಬಳಕೆದಾರನದನ್ನೂ ನೋಡಿ. ಈ ಔಟ್‌ಪುಟ್‌ಗಳನ್ನೆಲ್ಲ ಪ್ರಿಂಟ್ ತೆಗೆದಿಡಿ. ಯಂತ್ರ ಮತ್ತೆ ಎದ್ದಾಗ ‘ಮುಂಚೆ ಇದೂ ಓಡುತ್ತಿತ್ತಲ್ಲ’ ಅಂತ ಹೋಲಿಸಲು ಬೇಕಾಗುತ್ತದೆ.

ಒಂದು ಸಣ್ಣ ಎಚ್ಚರಿಕೆ. ಲಿನಕ್ಸ್ ಕಲಿತು ಬಂದವರಿಗೆ ‘ಹೋಸ್ಟ್‌ನೇಮ್’ ಪಕ್ಕ ‘ಮೈನಸ್ ಎಫ್’ ಹಾಕಿ ಪೂರ್ತಿ ಹೆಸರು ನೋಡುವ ಅಭ್ಯಾಸ. ಸೋಲಾರಿಸ್‌ನಲ್ಲಿ ರೂಟ್ ಆಗಿ ಹಾಗೆ ಮಾಡಿದರೆ ಯಂತ್ರದ ಹೆಸರೇ ‘ಮೈನಸ್ ಎಫ್’ ಆಗಿಬಿಡುತ್ತದೆ. ‘ಕಿಲ್‌ಆಲ್’ ಇನ್ನೂ ಕೆಟ್ಟದ್ದು. ಲಿನಕ್ಸಿನಲ್ಲಿ ಅದು ಹೆಸರು ಹೇಳಿದ ಪ್ರೋಗ್ರಾಮನ್ನು ಮಾತ್ರ ನಿಲ್ಲಿಸುತ್ತದೆ, ಇಲ್ಲಿ ಎಲ್ಲವನ್ನೂ.

ಹಂತ 2: ಹೊತ್ತು ನೋಡಿ, ಹೇಳಬೇಕಾದವರಿಗೆ ಹೇಳಿ

ಎಸ್‌ಟಿಡಿ ಬೂತಿನ ಕಾಲದಲ್ಲಿ ರಾತ್ರಿ 11 ಹೊಡೆದರೆ ಕಾಲು ದರ. ಬೂತಿನ ಮುಂದೆ ಕ್ಯೂ, ಎಕ್ಸ್‌ಚೇಂಜಿಗೆ ದಿನದ ಎರಡನೇ ಜಾತ್ರೆ. ರಾತ್ರಿ ಅಂದ ಮಾತ್ರಕ್ಕೆ ಬಿಡುವಿನ ಹೊತ್ತು ಅಂತಲ್ಲ ಅನ್ನುವುದನ್ನು ಆಗ ಕಲಿತೆವು. ಈಗ ಆ ನೂಕುನುಗ್ಗಲು ಇಲ್ಲ, ಆದರೂ ನಡುರಾತ್ರಿ ಬಿಲ್ಲಿಂಗ್ ಫೈಲ್ ಬದಲಾಗುವ ಹೊತ್ತು, ಬ್ಯಾಕಪ್ ಏಳುವ ಹೊತ್ತು, ತಿಂಗಳ ಕೊನೆಯ ದಿನ, ಇವನ್ನು ಬಿಟ್ಟು ಹೊತ್ತು ಗೊತ್ತುಮಾಡಿ. ಊರಲ್ಲಿ ನೆರೆ, ಚುನಾವಣೆ ಇದ್ದರೆ ಮುಂದಕ್ಕೆ ಹಾಕಿ.

ಮೇಲಿನ ಅಧಿಕಾರಿಯ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಇರಲಿ. ನೆಟ್‌ವರ್ಕ್ ಕಂಟ್ರೋಲಿಗೆ, ಬಿಲ್ಲಿಂಗ್ ಸೆಂಟರಿಗೆ, ದೂರು ತೆಗೆದುಕೊಳ್ಳುವ ಕೌಂಟರಿಗೆ, ಬ್ಯಾಟರಿ ರೂಮಿನವರಿಗೆ ಫೋನ್ ಮಾಡಿ, ಯಾರ ಜೊತೆ ಮಾತಾಡಿದಿರಿ, ಎಷ್ಟು ಗಂಟೆಗೆ, ಎರಡನ್ನೂ ಲಾಗ್‌ಬುಕ್ಕಿಗೆ ಏರಿಸಿ. ಬ್ಯಾಟರಿ ರೂಮಿನವರು ಯಾಕೆ ಅಂತ ಕೇಳಬಹುದು. ನಿಮ್ಮ ಸ್ಕ್ರೀನಿನ ಮೇಲೆ ಬರುತ್ತಿದ್ದ ವೋಲ್ಟೇಜ್ ಅಲಾರಂ ಆ ಹೊತ್ತಿನಲ್ಲಿ ಯಾರಿಗೂ ಕಾಣುವುದಿಲ್ಲ. ಅಲಾರಂ ಪ್ಯಾನೆಲಿನ ಬೆಲ್ ಕೆಲಸ ಮಾಡುತ್ತಿದೆಯೇ ಅಂತ ಬಟನ್ ಒತ್ತಿ ಕಿವಿಯಾರೆ ಕೇಳಿ. ವರ್ಷಗಟ್ಟಲೆ ಮ್ಯೂಟ್ ಆಗಿ ಕೂತ ಬೆಲ್ಲುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹಂತ 3: ಡೇಟಾ ಬದಲಾವಣೆ ನಿಲ್ಲಿಸಿ

ಹೊಸ ಕನೆಕ್ಷನ್, ನಂಬರ್ ಬದಲಾವಣೆ, ಬಿಲ್ ಕಟ್ಟದವರ ಲೈನ್ ತಡೆಯುವುದು, ಎಲ್ಲ ನಿಲ್ಲಬೇಕು. ಅರ್ಧ ಓಡಿದ ಬ್ಯಾಚ್ ಇದ್ದರೆ ಮುಗಿಯಲು ಬಿಡಿ. ಸ್ವಿಚ್ಚಿನ ಮೆಮೊರಿಯಲ್ಲಿ ಒಂದು, ಡಿಸ್ಕಿನಲ್ಲಿ ಇನ್ನೊಂದು ಉಳಿದರೆ ಅದು ಇವತ್ತು ಗೊತ್ತಾಗುವುದಿಲ್ಲ. ಮುಂದೆ ಎಂದೋ ಮಾಡ್ಯೂಲ್ ರೀಲೋಡ್ ಆದ ದಿನ, ಮೂರು ತಿಂಗಳ ಹಿಂದೆ ಫೋನ್ ಹಾಕಿಸಿಕೊಂಡವರು ‘ನಮ್ಮದು ಡೆಡ್ ಆಗಿದೆ ಸರ್’ ಅಂತ ಬರುತ್ತಾರೆ.

ಹಂತ 4: ಬಿಲ್ಲಿಂಗ್ ಫೈಲುಗಳನ್ನು ಈಚೆ ತೆಗೆಯಿರಿ

ಓಡುತ್ತಿರುವ ಫೈಲನ್ನು ಮುಚ್ಚಿ ಹೊಸದು ತೆರೆಯುವ ಕಮಾಂಡ್ ನಿಮ್ಮ ಸ್ವಿಚ್ಚಿನಲ್ಲಿ ಇರುತ್ತದೆ, ಅದನ್ನು ಕೊಡಿ. ಮುಚ್ಚಿದ ಫೈಲುಗಳನ್ನೆಲ್ಲ ಬಿಲ್ಲಿಂಗ್ ಸೆಂಟರಿಗೆ ಕಳಿಸಿ. ಎಫ್‌ಟಿಪಿಯಲ್ಲಿ ಕಳಿಸುವಾಗ ‘ಬೈನರಿ’ ಅಂತ ಮೊದಲೇ ಟೈಪ್ ಮಾಡಿ. ಆಸ್ಕಿ ಮೋಡಿನಲ್ಲಿ ವಿಂಡೋಸ್ ಪಿಸಿಗೆ ಹೋದರೆ ಸಾಲಿನ ಕೊನೆಯ ಗುರುತು ಅಂದುಕೊಂಡು ಕೆಲವು ಬೈಟುಗಳನ್ನು ಅದು ಬದಲಿಸಿಬಿಡುತ್ತದೆ. ಫೈಲ್ ಹೋದಂತೆ ಕಾಣುತ್ತದೆ, ಓದಲು ಬರುವುದಿಲ್ಲ. ಎರಡೂ ತುದಿಯಲ್ಲಿ ‘ಸಿಕೆಸಮ್’ ಓಡಿಸಿ ಸಂಖ್ಯೆ ಹೊಂದುತ್ತದೆಯೇ ನೋಡಿ. ಹೊಂದುವವರೆಗೂ ಈ ಕಡೆಯದನ್ನು ಅಳಿಸಬೇಡಿ.

ಯಂತ್ರ ನಿಂತಿರುವಾಗ ಹುಟ್ಟುವ ದಾಖಲೆಗಳ ಗತಿ? ಸ್ವಿಚ್ ತನ್ನ ಬಫರಿನಲ್ಲಿ ಇಟ್ಟುಕೊಳ್ಳುತ್ತದೆ, ಆದರೆ ಆ ಬಫರ್ ಕೆರೆಯಲ್ಲ, ಬಿಂದಿಗೆ. ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದು ಸ್ವಿಚ್ಚಿನ ಮೇಲೆ, ಆ ರಾತ್ರಿಯ ಕರೆಗಳ ಮೇಲೆ ನಿಂತಿದೆ. ಮ್ಯಾನ್ಯುಯಲ್ಲಿನಲ್ಲಿ ಆ ಲೆಕ್ಕ ಹುಡುಕಿ, ಅದರ ಅರ್ಧವನ್ನೇ ನಿಮ್ಮ ಗಡುವು ಅಂತ ಇಟ್ಟುಕೊಳ್ಳಿ. ಗಡುವು ಮುಟ್ಟಿದಾಗ ರಿಪೇರಿ ಮುಗಿದಿರದಿದ್ದರೆ ಬಿಚ್ಚಿದ್ದನ್ನು ವಾಪಸ್ ಜೋಡಿಸಿ ಎಬ್ಬಿಸಬೇಕು. ಇದನ್ನು ಶುರು ಮಾಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು, ರಾತ್ರಿ ಮೂರು ಗಂಟೆಗೆ ವಾದ ಮಾಡುವ ಹಾಗಾಗಬಾರದು.

ಹಂತ 5: ಟೇಪಿನ ಮೇಲೆ ಒಂದು, ಕಾಗದದ ಮೇಲೆ ಒಂದು

ಬ್ಯಾಕಪ್ ಅಂದರೆ ಡ್ಯಾಟ್ ಟೇಪ್ ಹಾಕಿ ದೀಪ ಮಿನುಗುವುದನ್ನು ನೋಡುವುದಲ್ಲ. ಬರೆದ ಟೇಪನ್ನು ‘ಟಾರ್ ಟಿವಿಎಫ್’ ಕೊಟ್ಟು ಕೊನೆಯ ಫೈಲಿನವರೆಗೆ ವಾಪಸ್ ಓದಿಸಿ. ಸಾಧ್ಯವಾದರೆ ಬೇರೆ ಡ್ರೈವಿನಲ್ಲಿ ಓದಿಸಿ. ಹೆಡ್ ವಾಲಿದ ಡ್ರೈವು ತಾನು ಬರೆದದ್ದನ್ನು ತಾನು ಚೆನ್ನಾಗಿಯೇ ಓದಿಕೊಳ್ಳುತ್ತದೆ, ಬೇರೆ ಡ್ರೈವಿಗೆ ಅದು ಬರೀ ಗೀಚು. ಮುಗಿದ ಮೇಲೆ ಟೇಪ್ ಈಚೆ ತೆಗೆದು ತಾರೀಖು ಬರೆದು ಬೀರುವಿನಲ್ಲಿಡಿ. ಡ್ರೈವಿನೊಳಗೇ ಬಿಟ್ಟು ಪವರ್ ತೆಗೆಯಬೇಡಿ.

ಕಾಗದದ ಮೇಲಿನ ಬ್ಯಾಕಪ್ ಅನ್ನು ಬಹಳ ಜನ ಮಾಡುವುದಿಲ್ಲ. ಸನ್‌ನ ಹಳೆಯ ಸ್ಪಾರ್ಕ್ ಯಂತ್ರಗಳಲ್ಲಿ ಎನ್‌ವಿರ್‍ಯಾಮ್ ಅನ್ನುವ ಚಿಪ್ ಇದೆ. ಬ್ಯಾಟರಿ ಅದರ ಹೊಟ್ಟೆಯಲ್ಲೇ. ಗಡಿಯಾರ, ಯಂತ್ರದ ಗುರುತಿನ ಸಂಖ್ಯೆಯಾದ ಹೋಸ್ಟ್ ಐಡಿ, ಈಥರ್‌ನೆಟ್ ವಿಳಾಸ, ಯಾವ ಡಿಸ್ಕಿನಿಂದ ಏಳಬೇಕು ಅನ್ನುವುದು, ಎಲ್ಲ ಅದರಲ್ಲಿ. ಯಂತ್ರ ಓಡುತ್ತಿರುವಷ್ಟು ಕಾಲ ಆ ಬ್ಯಾಟರಿ ಸತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನೀವು ಪವರ್ ತೆಗೆದ ರಾತ್ರಿಯೇ ಅದು ಬಯಲಾಗುವುದು: ಎದ್ದ ಯಂತ್ರಕ್ಕೆ ತಾನು ಯಾರೆಂದೇ ಮರೆತಿರುತ್ತದೆ, ಹೋಸ್ಟ್ ಐಡಿಗೆ ಕಟ್ಟಿದ ಲೈಸೆನ್ಸ್ ‘ನೀನು ಅವನಲ್ಲ’ ಅಂತ ಬಾಗಿಲು ಹಾಕುತ್ತದೆ. ಹಾಗಾಗಿ ‘ಹೋಸ್ಟ್‌ಐಡಿ’, ‘ಐಎಫ್‌ಕಾನ್ಫಿಗ್ ಮೈನಸ್ ಎ’, ಮತ್ತು ‘ಇಇಪ್ರಾಮ್’, ಈ ಮೂರರ ಔಟ್‌ಪುಟ್ ಕಾಗದದ ಮೇಲೆ ಇರಲೇಬೇಕು. ಮೊಬೈಲಿನಲ್ಲಿ ಫೋಟೋ ತೆಗೆದರೂ ಆಗುತ್ತದೆ, ಆ ಮೊಬೈಲಿನ ಚಾರ್ಜ್ ಮಾತ್ರ ನೋಡಿಕೊಳ್ಳಿ.

ಹಂತ 6: ಜೋಡಿ ಇದ್ದರೆ ಭಾರ ದಾಟಿಸಿ

ಎರಡು ಯಂತ್ರಗಳಿದ್ದರೆ ನಿಲ್ಲಿಸುವುದು ಯಾವಾಗಲೂ ಸ್ಟ್ಯಾಂಡ್‌ಬೈ ಅನ್ನು. ರಿಪೇರಿ ಆಗಬೇಕಾದದ್ದು ಆಕ್ಟಿವ್ ಆಗಿದ್ದರೆ ಮೊದಲು ಸ್ವಿಚ್‌ಓವರ್ ಮಾಡಿ. ಅದಕ್ಕೂ ಮೊದಲು ಎರಡರ ಡಿಸ್ಕುಗಳು ಸಮಕ್ಕೆ ಸಮ ಇವೆಯೇ ನೋಡಿ. ಮಿರರ್ ಇನ್ನೂ ನಕಲಾಗುತ್ತಿದ್ದರೆ ಕಾಯಿರಿ, ಶೇಕಡಾ 97ಕ್ಕೆ ಬಂದಿದೆ ಅಂತ ಆತುರ ಬೇಡ. ದಾಟಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಹೊಸ ಆಕ್ಟಿವ್ ಹೇಗಿದೆ ಅಂತ ನೋಡುತ್ತಾ ಕೂತು ಒಂದು ಚಹಾ ಕುಡಿಯಿರಿ.

ಇಲ್ಲಿ ಆಗುವ ತಪ್ಪು ಹಳೆಯದು, ಆದರೂ ಆಗುತ್ತಲೇ ಇರುತ್ತದೆ: ತಪ್ಪು ಯಂತ್ರದ ಪವರ್ ಎಳೆಯುವುದು. ಮುಂದೆ ‘0’, ‘1’ ಅಂತ ಚೀಟಿ ಸರಿಯಾಗೇ ಇರುತ್ತದೆ, ಹಿಂದಕ್ಕೆ ಹೋದಾಗ ಎಡ ಬಲ ಅದಲುಬದಲು. ನಾನು ಲಾಗಿನ್ ಆಗಿರುವ ಯಂತ್ರ ಯಾವುದು ಅಂತ ಖಾತ್ರಿಯಾಗಲು ‘ಎಜೆಕ್ಟ್ ಸಿಡಿರಾಮ್’ ಕೊಡುತ್ತೇನೆ. ಯಾವುದು ಸಿಡಿ ಟ್ರೇ ನಾಲಗೆ ಹೊರಗೆ ಹಾಕುತ್ತದೋ ಅದೇ. ಹಾಗೇ ತೆರೆದಿಟ್ಟು, ಅದರ ಪವರ್ ಕಾರ್ಡಿನ ಎರಡೂ ತುದಿಗೆ ಕೆಂಪು ಟೇಪ್ ಸುತ್ತುತ್ತೇನೆ.

ಹಂತ 7: ಮೊದಲು ಅಪ್ಲಿಕೇಶನ್, ಆಮೇಲೆ ಯುನಿಕ್ಸ್

ಸ್ವಿಚ್ಚಿನ ಸಾಫ್ಟ್‌ವೇರಿಗೆ, ಡೇಟಾಬೇಸಿಗೆ ಅವುಗಳದೇ ಸ್ಟಾಪ್ ಸ್ಕ್ರಿಪ್ಟ್ ಇರುತ್ತದೆ. ಅದನ್ನು ಓಡಿಸಿ ಲಾಗ್ ಫೈಲಿನಲ್ಲಿ ಮುಚ್ಚಿದ ಸಾಲು ಬರುವವರೆಗೆ ಕಾಯಿರಿ, ಮತ್ತೆ ‘ಪಿಎಸ್’ ನೋಡಿ. ಏನೋ ಒಂದು ಹಟ ಹಿಡಿದು ಸಾಯುತ್ತಿಲ್ಲ ಅಂದರೆ ಬಲವಂತವಾಗಿ ಕೊಲ್ಲುವ ‘ಕಿಲ್ ಮೈನಸ್ 9’ ಕಡೆಗೆ ಕೈ ಹೋಗುತ್ತದೆ. ತಡೆಯಿರಿ. ಅದು ಬಹುಶಃ ಡಿಸ್ಕಿಗೆ ಏನನ್ನೋ ಬರೆಯುತ್ತಿದೆ.

ಈಗ ಕಮಾಂಡ್: ‘ಶಟ್‌ಡೌನ್ ಮೈನಸ್ ವೈ ಮೈನಸ್ ಜಿ 300 ಮೈನಸ್ ಐ 0’. ಅಂದರೆ, ಮತ್ತೆ ಕೇಳಬೇಡ, ಲಾಗಿನ್ ಆದವರಿಗೆ 300 ಸೆಕೆಂಡ್ ಕೊಡು, ಆಮೇಲೆ ಪೂರ್ತಿ ಇಳಿ. ಇಲ್ಲಿ ಮೂರು ವಿಷಯ ಗಮನಿಸಬೇಕು.

‘ಮೈನಸ್ ಐ’ ಬಿಟ್ಟು ಬರೀ ‘ಶಟ್‌ಡೌನ್’ ಕೊಟ್ಟರೆ ಸೋಲಾರಿಸ್ ಪೂರ್ತಿ ನಿಲ್ಲುವುದಿಲ್ಲ, ಸಿಂಗಲ್ ಯೂಸರ್ ಮೋಡಿಗೆ ಇಳಿದು ಕೂರುತ್ತದೆ. ನಿಂತಿದೆ ಅಂದುಕೊಂಡು ಕಾರ್ಡ್ ಎಳೆದವರಿದ್ದಾರೆ.

‘ಹಾಲ್ಟ್’, ‘ರೀಬೂಟ್’ ಬೇಗ ಕೆಲಸ ಮಾಡುತ್ತವೆ ನಿಜ, ಆದರೆ ಇಳಿಯುವಾಗ ಓಡಬೇಕಾದ ಸ್ಕ್ರಿಪ್ಟುಗಳನ್ನು ಅವು ಓಡಿಸುವುದಿಲ್ಲ. ಮಲಗಿದವರನ್ನು ಎಬ್ಬಿಸದೆ ಮನೆ ಕೆಡವಿದ ಹಾಗೆ.

ಇನ್ನು 5ರ ಗೊಂದಲ. ಸೋಲಾರಿಸ್‌ನಲ್ಲಿ ‘ಇನಿಟ್ 5’ ಅಂದರೆ ಇಳಿದು ಪವರ್ ಆಫ್. ಹಳೆಯ ಲಿನಕ್ಸಿನಲ್ಲಿ ‘ಇನಿಟ್ 5’ ಅಂದರೆ ಕಿಟಕಿಗಳ ಸಮೇತ ಮಾಮೂಲಿ ಓಟ. ಒಂದೇ ರೂಮಿನಲ್ಲಿ ಎರಡೂ ಜಾತಿಯ ಯಂತ್ರ ಇದ್ದರೆ ಏನಾಗಬಹುದು, ಊಹಿಸಿಕೊಳ್ಳಿ. ನಾನು 5ರ ಬದಲು 0 ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. 5ರಲ್ಲಿ ಕೊನೆಯ ಸಾಲು ಓದುವ ಮೊದಲೇ ಸ್ಕ್ರೀನ್ ಕಪ್ಪಾಗುತ್ತದೆ. 0ರಲ್ಲಿ ಫೈಲ್ ಸಿಸ್ಟಮ್ ಸಿಂಕ್ ಆಗುತ್ತಿದೆ ಅನ್ನುವ ಸಾಲು, ಅದರ ತುದಿಯಲ್ಲಿ ‘ಡನ್’, ಆಮೇಲೆ ‘ಓಕೆ’ ಅನ್ನುವ ಪ್ರಾಂಪ್ಟ್, ಎಲ್ಲವನ್ನೂ ಕಣ್ಣಾರೆ ನೋಡಬಹುದು. ಅಲ್ಲಿ ‘ಪವರ್-ಆಫ್’ ಅಂತ ಟೈಪ್ ಮಾಡಿದರೆ ಯಂತ್ರ ತಾನೇ ಆರುತ್ತದೆ.

ಹಳಬರು ಶಟ್‌ಡೌನಿಗೆ ಮುಂಚೆ ಮೂರು ಸಲ ‘ಸಿಂಕ್’ ಹೊಡೆಯುತ್ತಿದ್ದರು, ಒಂದೊಂದು ಸಾಲಿಗೆ ಒಂದೊಂದು. ಮೂರಕ್ಕೆ ಮಂತ್ರಶಕ್ತಿ ಏನಿಲ್ಲ. ಮೂರು ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕ್ ಬರೆದು ಮುಗಿಸುತ್ತಿತ್ತು, ಅಷ್ಟೆ. ಈಗ ಬೇಕಿಲ್ಲ. ನನ್ನ ಕೈ ಮಾತ್ರ ಇವತ್ತಿಗೂ ಹೊಡೆಯುತ್ತದೆ.

ಆ ‘ಓಕೆ’ ಬಗ್ಗೆ ಒಂದು ಪ್ರಸಂಗ

ನೌಕರಿಯ ಮೊದಲ ವರ್ಷಗಳಲ್ಲಿ, ಒಂದು ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ. ಆ ಸನ್ ಯಂತ್ರಕ್ಕೆ ಮಾನಿಟರ್ ಇರಲಿಲ್ಲ. ಸೀರಿಯಲ್ ಪೋರ್ಟಿಗೆ ಹಾಕಿದ ಒಂದು ಹಳದಿ ಅಕ್ಷರದ ಟರ್ಮಿನಲ್ಲೇ ಅದರ ಕನ್ಸೋಲ್. ಫ್ಯಾನಿನ ಕೆಳಗೆ ಸರಿಯೋಣ ಅಂತ ಟರ್ಮಿನಲ್ ಆಫ್ ಮಾಡಿ, ಮೇಜು ಎಳೆದು, ಮತ್ತೆ ಆನ್ ಮಾಡಿದೆ. ಸ್ಕ್ರೀನ್ ನಿಧಾನವಾಗಿ ಬೆಚ್ಚಗಾಗಿ ಒಂದೇ ಪದ ತೋರಿಸಿತು: ‘ಓಕೆ’. ಎಲ್ಲ ಓಕೆ ಇದೆಯಲ್ಲ ಅಂತ ಕೂತೆ. ಬೆಳಿಗ್ಗೆ ಬಂದ ಹಿರಿಯರು ಸ್ಕ್ರೀನ್ ನೋಡಿ, ‘ಏನಪ್ಪಾ, ಯಾವಾಗಿಂದ ಹೀಗಿದೆ?’ ಅಂದರು. ‘ರಾತ್ರಿಯಿಂದ ಸರ್, ಓಕೆ ಅಂತಿದೆ’ ಅಂದೆ. ಅವರು ಮಾತಾಡದೆ ಮುಂದೆ ಬಗ್ಗಿ ಎರಡು ಅಕ್ಷರ ಹೊಡೆದರು, ‘ಗೋ’. ರಾತ್ರಿಯಿಡೀ ತಡೆದಿಟ್ಟ ಅಲಾರಂಗಳೆಲ್ಲ ಒಂದರ ಹಿಂದೆ ಒಂದು ಸುರಿದವು.

ಟರ್ಮಿನಲ್ ಆಫ್ ಆದಾಗ ಸೀರಿಯಲ್ ಲೈನಿನಲ್ಲಿ ಬ್ರೇಕ್ ಸಂಕೇತ ಹೋಗುತ್ತದೆ. ಹಳೆಯ ಸನ್ ಯಂತ್ರ ಅದನ್ನು ‘ನಿಲ್ಲು’ ಎಂದು ಓದುತ್ತದೆ. ಕೀಬೋರ್ಡಿನಲ್ಲಿ ಸ್ಟಾಪ್ ಮತ್ತು ಎ ಒಟ್ಟಿಗೆ ಒತ್ತಿದರೂ ಇದೇ ಫಲ. ಹಾಗಾಗಿ ರಿಪೇರಿ ದಿನ ಕನ್ಸೋಲ್ ಕೇಬಲ್ಲನ್ನು ಕೊನೆಯಲ್ಲಿ ಬಿಚ್ಚಿ, ಪಕ್ಕದ ಯಂತ್ರದ್ದನ್ನು ಮುಟ್ಟಲೇಬೇಡಿ. ಆಕಸ್ಮಿಕವಾಗಿ ‘ಓಕೆ’ಗೆ ಬಿದ್ದರೆ ಗಾಬರಿಯಲ್ಲಿ ಪವರ್ ತೆಗೆಯಬೇಡಿ, ‘ಗೋ’ ಕೊಡಿ.

ಹಂತ 8: ಪವರ್

ಸ್ವಿಚ್ ಓಡುವುದು ಮೈನಸ್ 48 ವೋಲ್ಟ್ ಡಿಸಿಯಲ್ಲಿ. ವರ್ಕ್‌ಸ್ಟೇಷನ್ ಬಹಳ ಕಡೆ ಇನ್ವರ್ಟರ್ ಅಥವಾ ಯುಪಿಎಸ್ ಕೊಡುವ 230 ವೋಲ್ಟ್ ಎಸಿಯಲ್ಲಿ. ಯುಪಿಎಸ್‌ನ ಸ್ವಿಚ್ ಮುಟ್ಟಬೇಡಿ, ಅದಕ್ಕೆ ಬೇರೆ ಯಾರೋ ಜೋತುಬಿದ್ದಿರುತ್ತಾರೆ. ಹೊರಗಿನ ಡ್ರೈವ್, ಪ್ರಿಂಟರ್ ಆಫ್ ಮಾಡುವುದು ಯುನಿಕ್ಸ್ ಇಳಿದ ಮೇಲೆ, ಮೊದಲಲ್ಲ. ಡಿಸ್ಕ್ ತಿರುಗುವ ಸದ್ದು ಪೂರ್ತಿ ನಿಲ್ಲುವವರೆಗೆ, ಒಂದು ನಿಮಿಷ ಅಂತಿಟ್ಟುಕೊಳ್ಳಿ, ಯಂತ್ರವನ್ನು ಅಲುಗಿಸಬೇಡಿ. ಕೆಂಪು ಟೇಪಿನ ಕಾರ್ಡನ್ನು ಎರಡೂ ಕಡೆ ಎಳೆದು, ಸಾಕೆಟ್ಟಿನ ಮೇಲೆ ‘ಕೆಲಸ ನಡೆಯುತ್ತಿದೆ, ಹಾಕಬೇಡಿ’ ಅಂತ ಚೀಟಿ, ನಿಮ್ಮ ಹೆಸರು ಸಮೇತ. ಉಂಗುರ, ವಾಚ್ ತೆಗೆದಿಡಿ. ರಿಸ್ಟ್ ಸ್ಟ್ರ್ಯಾಪ್ ಕಟ್ಟಿ ರ್‍ಯಾಕಿನ ಅರ್ತಿಂಗ್ ಬಿಂದುವಿಗೆ ಸಿಕ್ಕಿಸಿದ ಮೇಲೆಯೇ ಮುಚ್ಚಳ ಬಿಚ್ಚಿ.

ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್ ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗದೆ ಅಂಟಿಕೊಳ್ಳುವುದುಂಟು. ಹೊಂದುವ ಬದಲಿ ಡಿಸ್ಕ್ ಕೈಯಲ್ಲಿ ಇಲ್ಲದಿದ್ದರೆ, ಬರೀ ಧೂಳು ಹೊಡೆಯುವುದಕ್ಕಾಗಿ ಹಳೆಯ ಯಂತ್ರ ಆಫ್ ಮಾಡಲು ನಾನಂತೂ ಒಪ್ಪುವುದಿಲ್ಲ.

ಹಂತ 9: ಎಬ್ಬಿಸಿ, ಖಾತ್ರಿ ಮಾಡಿಕೊಳ್ಳಿ

ಹೊರಗಿನ ಡ್ರೈವುಗಳು ಮೊದಲು, ಯಂತ್ರ ಆಮೇಲೆ. ಎದ್ದ ತಕ್ಷಣ ‘ಡೇಟ್’ ಕೊಟ್ಟು ಗಡಿಯಾರವನ್ನು ಸ್ವಿಚ್ಚಿನ ಗಡಿಯಾರದ ಜೊತೆ ಹೋಲಿಸಿ. ತಪ್ಪಿದ್ದರೆ ಅಪ್ಲಿಕೇಶನ್ ಏಳುವ ಮೊದಲೇ ಸರಿಮಾಡಿ, ಫೈಲುಗಳಿಗೆ ತಪ್ಪು ತಾರೀಖು ಬಿದ್ದ ಮೇಲೆ ಬಿಲ್ಲಿಂಗಿನವರ ಜೊತೆ ಜಗಳ ಮುಗಿಯುವುದಿಲ್ಲ. ಹೋಸ್ಟ್ ಐಡಿ ಕಾಗದದ ಮೇಲಿನದೇ ಇದೆಯೇ ನೋಡಿ. ಮೊದಲು ತೆಗೆದ ‘ಪಿಎಸ್’ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಟಿಕ್ ಹಾಕಿ. ಜೋಡಿಯಿದ್ದರೆ ಮಿರರ್ ಸಮವಾಗುವವರೆಗೆ ಇದನ್ನು ಸ್ಟ್ಯಾಂಡ್‌ಬೈ ಆಗಿಯೇ ಬಿಡಿ.

ಕೊನೆಗೆ ಎಂಡಿಎಫ್‌ನ, ಅಂದರೆ ಹೊರಗಿನ ಲೈನುಗಳು ಎಕ್ಸ್‌ಚೇಂಜಿಗೆ ಸೇರುವ ಚೌಕಟ್ಟಿನ, ಟೆಸ್ಟ್ ಫೋನಿನಿಂದ ನಿಮ್ಮ ಮೊಬೈಲಿಗೆ ಒಂದು ಕರೆ ಮಾಡಿ, ಒಂದು ನಿಮಿಷ ಬಿಟ್ಟು ಇಡಿ. ಆ ಕರೆಯ ದಾಖಲೆ ಬಿಲ್ಲಿಂಗ್ ಫೈಲಿನಲ್ಲಿ ಬಂದಿದೆಯೇ, ಸಮಯ ಸರಿಯಿದೆಯೇ, ಹುಡುಕಿ. ಅದು ಸಿಕ್ಕ ಗಳಿಗೆಯನ್ನೇ ಲಾಗ್‌ಬುಕ್ಕಿನಲ್ಲಿ ‘ಯಂತ್ರ ಎದ್ದ ಸಮಯ’ ಅಂತ ಬರೆಯಿರಿ, ಲಾಗಿನ್ ಪ್ರಾಂಪ್ಟ್ ಬಂದ ಗಳಿಗೆಯನ್ನಲ್ಲ. ಹಂತ 2ರಲ್ಲಿ ಫೋನ್ ಮಾಡಿದವರಿಗೆಲ್ಲ ಮತ್ತೆ ಫೋನ್ ಮಾಡಿ, ಸಿಡಿ ಟ್ರೇ ಒಳಗೆ ತಳ್ಳಿ, ಕೆಂಪು ಟೇಪ್ ಬಿಚ್ಚಿ.